ಸೈಲೆನ್ಸರಿಗೆ ಮೂರಿಂಚು

ಪೈಪಿನ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ಗದಗಿನಲ್ಲಿ ನಮ್ಮದು ಬೋರಿನ ಪೈಪು, ಪಂಪು, ವಾಲು, ಬೆಂಡು ಮಾರುವ ಅಂಗಡಿ. ಅಪ್ಪ ಇಟ್ಟದ್ದು, ನಾನು ನಡೆಸುತ್ತಿರುವುದು. ಕಣ್ಣು ಮುಚ್ಚಿ ಕೈಯಾಡಿಸಿದರೂ ಪೈಪು ಎಷ್ಟು ಇಂಚಿನದು ಎಂದು ಹೇಳಬಲ್ಲೆ. ಈ ಮಾತನ್ನು ಕೇಳಿ ಕೇಳಿ ನಮ್ಮ ಮನೆಯವರಿಗೆ ಸಾಕಾಗಿದೆ. ನೀವು ಹೊಸಬರು, ಅದಕ್ಕೇ ನಿಮ್ಮೆದುರು ಇನ್ನೊಮ್ಮೆ ಹೇಳಿಕೊಂಡೆ.

ನಮ್ಮ ಕಡೆ ಇಂಚು ಎಂದರೆ ಬರೀ ಅಳತೆಯಲ್ಲ, ಮರ್ಯಾದೆ. ಬೋರು ಕೊರೆಸಿದವನನ್ನು ಊರು ಕೇಳುವುದು ಒಂದೇ ಮಾತು: "ಎಷ್ಟ ಇಂಚ ಬಿತ್ತು?" ಒಂದಿಂಚು ನೀರು ಬಿತ್ತು ಎಂದವನಿಗೆ "ಇರಲಿ ಬಿಡ್ರಿ, ದೇವರದಾನ" ಎಂಬ ಸಮಾಧಾನ. ಎರಡು ಎಂದವನಿಗೆ ಕರೆದು ಚಹಾ. ಮೂರು ಎಂದವನು ದಾರಿಯಲ್ಲಿ ಬಂದರೆ ಕಟ್ಟೆಯ ಮೇಲೆ ಕುಳಿತವರು ಎದ್ದು ಜಾಗ ಮಾಡಿಕೊಡುತ್ತಾರೆ. ಮುಂಡರಗಿಗೆ ಹೋಗಿ, ಶಿರಹಟ್ಟಿಗೆ ಹೋಗಿ, ಎಲ್ಲೆಲ್ಲೂ ಇದೇ ಕಥೆ. ಜಿಲ್ಲೆಯಾಗಿ ಇಷ್ಟು ವರ್ಷವಾದರೂ ನಾವಿನ್ನೂ "ಹೊಸ ಜಿಲ್ಲೆ" ಎನ್ನುವುದನ್ನು ಬಿಟ್ಟಿಲ್ಲ. ಹಾಗೆಯೇ ಇಂಚು ಜಾಸ್ತಿಯಾದಷ್ಟೂ ಒಳ್ಳೆಯದು ಎನ್ನುವುದನ್ನೂ ಬಿಟ್ಟಿಲ್ಲ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ನನ್ನ ಗಾಡಿಯ ಸೈಲೆನ್ಸರ್ ಕಳಚಿ ಬಿದ್ದಾಗ ನಾನು ಮಾಡಿದ್ದು ನಿಮಗೆ ಬರೀ ಹುಚ್ಚುತನ ಅನ್ನಿಸಬಾರದು.

ಗಾಡಿ ಎಂದರೆ ಈಗಿನ ಹುಡುಗರು ಎಸ್‌ಯುವಿ ಎನ್ನುತ್ತಾರಲ್ಲ, ಅದು. ಎತ್ತರದ ಮೈ, ದಪ್ಪ ಗಾಲಿ, ಹತ್ತುವಾಗ ಹೆಂಗಸರು ದೇವರನ್ನು ನೆನೆಯುವಷ್ಟು ಎತ್ತರದ ಮೆಟ್ಟಿಲು. ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು, ನನ್ನ ಕೈಗೆ ಬಂದ ಮೇಲೆ ಇನ್ನಷ್ಟು ಆಯಿತು. ಒಂದು ಶುಕ್ರವಾರ ಮುಂಡರಗಿಯಿಂದ ಬರುವಾಗ ದಾರಿಯ ಉಬ್ಬೊಂದಕ್ಕೆ ಹೊಟ್ಟೆ ತಾಗಿಸಿಕೊಂಡಿತು. ಹಿಂದೆ ಏನೋ ದಡಲ್ ಎಂದಿತು. ಮರುಕ್ಷಣ ಗಾಡಿ ಹೊಟ್ಟೆ ಬಿರಿಯುವಂತೆ ಒದರಲು ಶುರುಮಾಡಿತು. ಇಳಿದು ನೋಡಿದರೆ ತುಕ್ಕು ತಿಂದು ಜರಡಿಯಾಗಿದ್ದ ಸೈಲೆನ್ಸರ್ ರಸ್ತೆಯ ನಡುವೆ ಅಂಗಾತ ಬಿದ್ದಿತ್ತು.

ಬೇರೆ ಯಾವ ವಾರವಾಗಿದ್ದರೂ ಸಾವಕಾಶವಾಗಿ ಮಾಡಿಸಬಹುದಿತ್ತು. ಆದರೆ ಆ ಭಾನುವಾರ ಅಕ್ಕನ ಮಗ ಈರಣ್ಣನಿಗೆ ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೋಗಬೇಕಿತ್ತು. ಅಕ್ಕ ಇರುವುದು ಶಿರಹಟ್ಟಿಯಲ್ಲಿ. ಈರಣ್ಣ ನಾಗಾವಿ ಕಡೆಯ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತ ಬೆಟಗೇರಿಯ ನಮ್ಮ ಮನೆಯಲ್ಲೇ ಇದ್ದ. ಬಂಗಾರದಂಥ ಹುಡುಗ. ಆದರೆ ದನಿ ಇಲ್ಲ. ಮೂಗನೆಂದುಕೊಳ್ಳಬೇಡಿ, ಮಾತಾಡುತ್ತಾನೆ, ನಮಗೆ ಕೇಳಿಸುವುದಿಲ್ಲ ಅಷ್ಟೆ. ಊಟಕ್ಕೆ ಕುಳಿತು "ಅತ್ತಿ, ಇನ್ನೊಂದ ರೊಟ್ಟಿ" ಎಂದರೆ ನನ್ನ ಹೆಂಡತಿಗೆ ಅದು ತಲುಪುವ ಹೊತ್ತಿಗೆ ಅವನು ಕೈ ತೊಳೆದಿರುತ್ತಿದ್ದ. ನೋಡಿಬಂದ ಕನ್ಯಾದವರೆಲ್ಲ ಒಂದೇ ಉತ್ತರ ಕಳಿಸಿದ್ದರು: ಹುಡುಗ ಛಲೋ ಅದಾನ, ಮಾತ ಬರೂದಿಲ್ಲ. ಮುಂಗಾರು ಕಳೆದು ಹಿಂಗಾರು ಬಂದರೂ ಇದೇ ರಾಗ. ಅಕ್ಕ ಅಳುವುದೊಂದು ಬಾಕಿ. "ತಮ್ಮಾ, ಇದೊಂದು ತಪ್ಪಿದ್ರ ಅಂವ ಹಿಂಗ ಉಳೀತಾನ ನೋಡು" ಎಂದು ಫೋನಿನಲ್ಲಿ ಹೇಳಿದ್ದು ನನ್ನ ಎದೆಯೊಳಗೇ ಕುಳಿತಿತ್ತು.

ಶನಿವಾರ ಬೆಳಿಗ್ಗೆ ಗಾಡಿಯನ್ನು ಖಾಜಾಸಾಬನ ಗ್ಯಾರೇಜಿಗೆ ಒಯ್ದೆ. ಹೊರಡುವಾಗ ನನ್ನ ಹೆಂಡತಿ ಸುನಂದಾ ಹೇಳಿದಳು: "ಮೊದಲ ಎಷ್ಟಿತ್ತೋ ಅಷ್ಟ ಹಾಕಸ್ರಿ. ನಿಮ್ಮ ಶಾಣ್ಯಾತನ ಅಂಗಡ್ಯಾಗ ಇಟ್ಟ ಹೋಗ್ರಿ." ಈ ಪ್ರಬಂಧದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಮಾತು ಇದೊಂದೇ.

ಖಾಜಾಸಾಬ ನನ್ನ ಹಳೆಯ ಗೆಳೆಯ, ನನ್ನ ಗಿರಾಕಿಯೂ ಹೌದು. ಆ ವಾರವಷ್ಟೇ ಮಲ್ಲಸಮುದ್ರದ ಅವನ ಹೊಲದ ಬೋರಿಗೆ ಮೂರಿಂಚು ನೀರು ಬಿದ್ದಿತ್ತು. ಮನುಷ್ಯ ನೆಲದ ಮೇಲೆ ಇರಲಿಲ್ಲ. ಗಾಡಿಯ ಕೆಳಗೆ ತೂರಿ, ಹೊರಗೆ ಬಂದು, ಹಳೆಯ ಕೊಳವೆಯ ತುಂಡನ್ನು ತೋರಿಸಿ, "ನೋಡ್ರಿ ಸಾವಕಾರ್ರ, ಎರಡ ಇಂಚಿಗೂ ಕಮ್ಮಿ ಐತಿ!" ಎಂದ. ಅಲ್ಲಿ ಕುಳಿತ ನಾಲ್ಕಾರು ಮಂದಿ ಛೆ ಛೆ ಎಂದರು. ನನ್ನ ಕಿವಿ ಬಿಸಿಯಾಯಿತು. ಊರಿಗೆಲ್ಲ ಪೈಪು ಮಾರುವವನ ಗಾಡಿಗೆ ಎರಡಿಂಚೂ ಇಲ್ಲ!

"ಎಷ್ಟು ಹಾಕೂಣು?" ಎಂದೆ.

"ಎರಡೂವರಿ ನಡೀತೈತ್ರಿ."

"ಮೂರು?"

ಖಾಜಾಸಾಬನ ಮುಖ ಅರಳಿತು. "ಮೂರ ಅಂದ್ರ ಮಾತ ಮುಗೀತಲ್ರಿ. ಹೊಗಿ ಸುಮ್ನ ಹರದ ಹೋಗ್ತೈತಿ. ಇಂಜನ್ನಿಗೆ ಉಸರ ಬಿಟ್ಟಂಗ ಆಗ್ತೈತಿ."

ಕುಳಿತವರೆಲ್ಲ ತಲೆಯಾಡಿಸಿದರು. ಮೂರು ಬೇಡ ಎನ್ನುವ ಗಂಡಸು ಗದಗ ಜಿಲ್ಲೆಯಲ್ಲಿ ಹುಟ್ಟಿಲ್ಲ. ಹೀಗೆ ಮೂರಿಂಚಿನ ಕೊಳವೆ, ಅದಕ್ಕೆ ತಕ್ಕಂತೆ ಯಾವುದೋ ಲಾರಿಯಿಂದ ಬಿಚ್ಚಿಟ್ಟಿದ್ದ ಹಳೆಯ ಸೈಲೆನ್ಸರ್ ನಿಶ್ಚಯವಾದವು. ವೆಲ್ಡಿಂಗಿನ ಕಿಡಿಗಳು ಹಾರಿದವು. ಸಂಜೆಗೆ ನೋಡಿದರೆ ಗಾಡಿ ಹೊಟ್ಟೆಯ ಕೆಳಗೆ ಗ್ಯಾಸಿನ ಸಿಲಿಂಡರ್ ಕಟ್ಟಿಕೊಂಡಂತೆ ನಿಂತಿತ್ತು. ನನಗೆ ಬಹಳ ಹೆಮ್ಮೆಯಾಯಿತು.

ಇಲ್ಲಿ ಸ್ವಲ್ಪ ತತ್ವ ಹೇಳಿಬಿಡುತ್ತೇನೆ, ಸಹಿಸಿಕೊಳ್ಳಿ. ನಮ್ಮ ಅಜ್ಜಿಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಅಡುಗೆಮನೆಯ ಮೇಲೆ ಒಂದು ಬೆಳಕಿಂಡಿ ಇತ್ತು. ಒಲೆಯ ಹೊಗೆ ಅದರಿಂದ ಹೋಗಬೇಕು. ಕಿಂಡಿ ಸಣ್ಣದಾದರೆ ಹೊಗೆ ಒಳಗೇ ಸುತ್ತಿ ಅಜ್ಜಿಯ ಕಣ್ಣಲ್ಲಿ ನೀರು. ಒಮ್ಮೆ ಅಜ್ಜ ಉಮೇದಿಯಿಂದ ಅದನ್ನು ದೊಡ್ಡದು ಮಾಡಿಸಿದ. ಹೊಗೆ ಹೋಗಲಿಲ್ಲ, ಬೆಕ್ಕು ಬಂತು. ಗಾಡಿಯ ಕೊಳವೆಯೂ ಹಾಗೆಯೇ ಎಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ಇಕ್ಕಟ್ಟಾದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ; ತೀರ ಅಗಲವಾದರೆ ಹೊಗೆಯ ಓಟ ಮಂದವಾಗಿ, ಕೆಳಗಿನ ವೇಗದಲ್ಲಿ ಗಾಡಿಗೆ ಎಳೆಯುವ ಕಸುವೇ ಇರುವುದಿಲ್ಲ. ಸೈಲೆನ್ಸರಿನ ಡಬ್ಬಿಯೂ ಎಂಜಿನ್ನಿಗೆ ಒಪ್ಪುವಂಥದ್ದಾಗಿದ್ದರೆ ಮಾತ್ರ ಒಳಗಿನ ಗೋಡೆಗಳಿಗೆ, ತೂತುಗಳಿಗೆ ಸದ್ದು ಬಡಿದು ಬಡಿದು ಮೆತ್ತಗಾಗುತ್ತದೆ. ಹೇಳಿ ಕೇಳಿ ನಮ್ಮದು ಹಾಡುಗಾರರ ಊರು. ಬಾಯಿ ಅಗಲ ತೆರೆದ ಮಾತ್ರಕ್ಕೆ ಸ್ವರ ಬರುವುದಿಲ್ಲ ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ನನಗೆ ಮಾತ್ರ ಶನಿವಾರ ಅದು ನೆನಪಾಗಲಿಲ್ಲ.

ಭಾನುವಾರ ಗಾಡಿ ಶುರುಮಾಡಿದೆ. ಓಣಿಯ ಪಾರಿವಾಳಗಳೆಲ್ಲ ಎದ್ದು ಹೋದವು. ಸುನಂದಾ ನನ್ನ ಮುಖ ನೋಡಿದಳು. ಏನೋ ಅಂದಳು, ಕೇಳಿಸಲಿಲ್ಲ. ಮತ್ತೆ ಗ್ಯಾರೇಜಿಗೆ ಹೋಗೋಣವೆಂದರೆ ಹೊತ್ತಿಲ್ಲ. ಶಿರಹಟ್ಟಿಯಲ್ಲಿ ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಹತ್ತಿದಳು. ಹತ್ತಿದವಳೇ ಕಿವಿಗೆ ಸೆರಗು ಒತ್ತಿಕೊಂಡಳು.

"ಏನ ಹಾಕ್ಸಿಯೋ ಇದಕ್ಕ?"

"ಮೂರಿಂಚು!"

"ಏನಾ?"

"ಮೂರ್... ಇಂಚೂ!"

ಗಾಡಿಯೊಳಗೆ ಎರಡು ದನಿಗೆ ಮಾತ್ರ ಅವಕಾಶವಿತ್ತು: ಎಂಜಿನ್ನಿನದು ಮತ್ತು ಅದನ್ನು ಮೀರಿ ಒದರುವವರದು. ಅಕ್ಕನಿಗೆ ಮಗನನ್ನು ತಯಾರು ಮಾಡಲು ಉಳಿದಿದ್ದದ್ದು ಅದೊಂದೇ ದಾರಿ. ಬಿಡುತ್ತಾಳೆಯೇ? "ಏನ ಕೆಲಸಾ ಮಾಡ್ತಿ ಅಂತ ಕೇಳ್ತಾರ, ಏನ ಹೇಳ್ತೀ?" ಎಂದು ಕೂಗಿದಳು. ಈರಣ್ಣನ ತುಟಿ ಅಲ್ಲಾಡಿತು. "ಕೇಳಸವಲ್ದು!" ಮತ್ತೆ ಅಲ್ಲಾಡಿತು. "ಒದರೋ!" ಕೊನೆಗೆ ಪಾಪ, ಕತ್ತಿನ ನರ ಉಬ್ಬಿಸಿಕೊಂಡು "ಗ್ರಂಥಾಲಯದಾಗ ಅದೀನಿ!" ಎಂದು ಒದರಿದ. ಎದುರಿನಿಂದ ಬರುತ್ತಿದ್ದ ಎತ್ತಿನ ಗಾಡಿಯವನು ತಿರುಗಿ ನೋಡಿದ. ಲಕ್ಷ್ಮೇಶ್ವರ ಬರುವವರೆಗೂ ಹೀಗೇ ಅಭ್ಯಾಸ ನಡೆಯಿತು.

ಹೆಣ್ಣಿನವರದು ಮೆಣಸಿನಕಾಯಿ, ಶೇಂಗಾದ ದಲಾಲಿ ಅಂಗಡಿ. ನಮ್ಮ ಸದ್ದಿಗೆ ಇಡೀ ಓಣಿ ಹೊರಗೆ ಬಂದು ನಿಂತಿತ್ತು. ಗಾಡಿ ಬಂದ್ ಮಾಡಿದರೂ ನಮ್ಮ ಕಿವಿಯೊಳಗೆ ಅದು ನಡೆದೇ ಇತ್ತು. ಒಳಗೆ ಗಾದಿಯ ಮೇಲೆ ಕೂರಿಸಿ, ಅವಲಕ್ಕಿ ತಂದಿಟ್ಟರು. ಮನೆಯ ಹಿರಿಯ, ಹುಡುಗಿಯ ಅಜ್ಜ, ಗೋಡೆಗೆ ಒರಗಿ ಕುಳಿತಿದ್ದರು. ಆ ಮನೆಯಲ್ಲಿ ಅವರ ಮಾತೇ ಕೊನೆಯದು ಎಂದು ಮಧ್ಯಸ್ಥರು ಹೇಳಿದ್ದರು. ಅವರಿಗೆ ಕಿವಿ ಬಹಳ ಮಂದ ಎನ್ನುವುದನ್ನು ಮಾತ್ರ ಹೇಳಿರಲಿಲ್ಲ.

"ಏನ್ ಉದ್ಯೋಗಪಾ?" ಎಂದು ಅಜ್ಜ ಕೇಳಿದರು.

"ಗ್ರಂಥಾಲಯದಾಗ ಅದೀನ್ರೀ!" ಎಂದು ಈರಣ್ಣ ಒದರಿದ.

ಅವಲಕ್ಕಿ ತಟ್ಟೆ ಹಿಡಿದಿದ್ದ ಆ ಮನೆಯ ಹೆಣ್ಣುಮಗಳೊಬ್ಬಳು ಒಂದು ಹೆಜ್ಜೆ ಹಿಂದೆ ಸರಿದಳು. ನಮಗೆ ಅದೇನೂ ವಿಶೇಷವೆನ್ನಿಸಲಿಲ್ಲ, ಯಾಕೆಂದರೆ ನಾವೂ ಒದರುತ್ತಲೇ ಇದ್ದೆವು. "ನೀರ ಕೊಡ್ರೀ!" ಎಂದು ನಾನು ಕೇಳಿದ್ದಕ್ಕೆ ಪಕ್ಕದ ಮನೆಯವರು ತಂಬಿಗೆ ಹಿಡಿದು ಬಂದರು.

ಅಜ್ಜನ ಮುಖದಲ್ಲಿ ಮಾತ್ರ ಬೆಳಕು ಹರಿದಿತ್ತು. "ಏನಪಾ, ಇಷ್ಟ ದಿನಾ ಬಂದ ಹುಡುಗ್ರು ಎಲ್ಲಾ ಬರೇ ತುಟಿ ಅಲ್ಲಾಡಸತಿದ್ರು. ಏನ ಜೀವಾನೋ ಏನೋ! ಇಂವ ನೋಡ್ರಿ, ಒಂದೊಂದು ಅಕ್ಷರ ಬಿಡಿಸಿ ಹೇಳ್ತಾನ!" ಎಂದು ಎದ್ದು, ಕೋಲು ಊರುತ್ತ ಹೊರಗೆ ಹೋಗಿ, ಗಾಡಿಯ ಕೊಳವೆಯ ಬಾಯಿಗೆ ಮುಷ್ಟಿ ಹಿಡಿದು ಅಳತೆ ನೋಡಿದರು. "ಎಷ್ಟ ಇಂಚು?"

"ಮೂರ್ರೀ!"

"ಬೇಷ್!"

ಹುಡುಗಿಯ ಹೆಸರು ಸುಜಾತಾ. ತಲೆ ತಗ್ಗಿಸಿ ಕುಳಿತಿದ್ದವಳು ತಾಯಿಯ ಕಿವಿಯಲ್ಲಿ ಏನೋ ಅಂದಳು. ಹುಡುಗನ ಕೂಡ ಎರಡು ಮಾತಾಡಬೇಕಂತೆ. ಇಬ್ಬರನ್ನೂ ಹಿತ್ತಲಿಗೆ ಕಳಿಸಿದರು. ಅಕ್ಕ ಹಿತ್ತಲ ಬಾಗಿಲನ್ನೇ ನೋಡುತ್ತ ಕುಳಿತಳು. ಅಲ್ಲಿ ಏನಾದರೂ ಮೊದಲಿನ ಹಾಗೆ ತುಟಿ ಅಲ್ಲಾಡಿಸಿದನೋ ಮುಗಿಯಿತು. ನಾನೂ ಕಿವಿಗೊಟ್ಟು ಕುಳಿತೆ. ಹಿತ್ತಲಿನಿಂದ ಒಂದು ಸೊಲ್ಲೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಬಂದರು. ಸುಜಾತಾ ತಾಯಿಯ ಕಡೆ ನೋಡಿ ಹೂಂ ಎಂದು ಗೋಣು ಹಾಕಿದಳು. ಸಕ್ಕರೆ ಹಂಚಿದರು. ಅಕ್ಕ ಅಲ್ಲೇ ಕಣ್ಣೊರೆಸಿಕೊಂಡಳು.

ಮನೆಗೆ ಬಂದ ಮೇಲೆ ಸಂತೋಷ ಕಡಿಮೆಯಾಗಿ ಅಳುಕು ಶುರುವಾಯಿತು. ವ್ಯಾಪಾರಸ್ಥ ನಾನು. ತೋರಿಸಿದ ಮಾಲು ಒಂದು, ಕೊಡುವ ಮಾಲು ಇನ್ನೊಂದು ಆಗಬಾರದು. ದೊಡ್ಡ ದನಿಯ ಗಂಡು ಎಂದು ನಂಬಿ ಹುಡುಗಿ ಒಪ್ಪಿದ್ದಾಳೆ; ಮದುವೆಯಾದ ಮರುದಿನ ಅವನು ರೊಟ್ಟಿ ಕೇಳಿದ್ದು ಅವಳಿಗೆ ಕೇಳಿಸದೆ ಹೋದರೆ? ಮತ್ತೆ ಶಿರಹಟ್ಟಿಗೆ ಹೋದಾಗ ಇದನ್ನು ಅಕ್ಕನಿಗೆ ಹೇಳಿದೆ. ಅವಳು ಸತ್ಯದ ಕಡೆ ಹೋಗಲೇ ಇಲ್ಲ. "ಮದುವಿ ಆಗೋತನಕ ಆ ಸೈಲೆನ್ಸರ್ ಬಿಚ್ಚಿದ್ರ ನೋಡು! ಅದರ ಕಾಲಗುಣದ ಮ್ಯಾಲ ನನ್ನ ಮಗನ ಲಗ್ನ ಕೂಡೇತಿ" ಎಂದು ಕೊಳವೆಗೆ ವಿಭೂತಿ ಬಳಿದು, ಕುಂಕುಮ ಹಚ್ಚಿದಳು. ಅದು ಕಾದಾಗ ಕುಂಕುಮ ಸುಟ್ಟ ವಾಸನೆ ಗಾಡಿಯ ತುಂಬ.

ಆ ತಿಂಗಳುಗಳನ್ನು ಹೇಗೆ ಕಳೆದೆನೋ! ಡೀಸೆಲ್ ಕುಡಿಯುತ್ತಿತ್ತು, ಎಳೆಯುತ್ತಿರಲಿಲ್ಲ. ಕಪ್ಪತಗುಡ್ಡದ ಏರಿನಲ್ಲಿ ಸಿಂಹದಂತೆ ಗರ್ಜಿಸುತ್ತ ಕುರಿಮರಿಯಂತೆ ನಿಂತುಬಿಟ್ಟಿತು; ಪಕ್ಕದಲ್ಲಿ ಸೈಕಲ್ಲಿನ ಮುದುಕನೊಬ್ಬ "ಸರೀರಿ" ಎಂದು ದಾಟಿ ಹೋದ. ನನ್ನ ಒದರಾಟಕ್ಕೆ ಹೆದರಿದ ಮಂದಿ ನನ್ನನ್ನು ನೋಡಿದರೆ ಫೋನ್ ಕಿವಿಗೆ ಹಿಡಿದುಕೊಂಡು ಓಣಿ ತಿರುಗುತ್ತಿದ್ದರು. ಮದುವೆ ಮುಗಿದ ಮರುದಿನವೇ ಖಾಜಾಸಾಬನ ಹತ್ತಿರ ಹೋಗಿ, ಹೆಂಡತಿಯ ಮಾತನ್ನು ನನ್ನ ಮಾತೆಂಬಂತೆ ಹೇಳಿದೆ: "ಮೊದಲ ಎಷ್ಟಿತ್ತೋ ಅಷ್ಟ ಹಾಕು." ಅವನು ಭಾಳ ಬೇಜಾರು ಮಾಡಿಕೊಂಡು ಹಾಕಿದ.

ಶಿರಹಟ್ಟಿಯ ಅಕ್ಕನ ಮನೆಯಲ್ಲಿದ್ದ ಹೊಸ ಜೋಡಿಯನ್ನು ಊಟಕ್ಕೆ ಕರೆದಿದ್ದೆವು. ಊಟವಾದ ಮೇಲೆ ಬಿಂಕದಕಟ್ಟಿಯ ಮೃಗಾಲಯ ತೋರಿಸಲು ಕರೆದುಕೊಂಡು ಹೊರಟೆ. ಗಾಡಿ ಬೆಣ್ಣೆಯಂತೆ ಹೊರಟಿತು. ಇಷ್ಟು ಸುಮ್ಮನಿರುವ ಗಾಡಿಯಲ್ಲಿ ಸುಳ್ಳನ್ನು ಇಟ್ಟುಕೊಂಡು ಕೂರುವುದು ನನಗೆ ಆಗಲಿಲ್ಲ. ಹೇಳಿಯೇಬಿಟ್ಟೆ.

"ಸುಜಾತಾ, ಒಂದ ಮಾತ ಹೇಳ್ತೀನಿ, ಸಿಟ್ಟಿಗೇಳಬ್ಯಾಡ. ಅವತ್ತ ನಿಮ್ಮ ಮನ್ಯಾಗ ಈರಣ್ಣ ಅಷ್ಟ ದೊಡ್ಡ ದನಿಲೆ ಮಾತಾಡಿದ್ನಲ್ಲ, ಅದು ಅವನ ದನಿ ಅಲ್ಲಮ್ಮಾ. ಗಾಡಿದು."

ಹಿಂದಿನ ಸೀಟಿನಲ್ಲಿ ಅವಳು ನಕ್ಕಳು. "ಗೊತ್ತೈತ್ರಿ ಮಾವಾರ. ನಮ್ಮ ಮನ್ಯಾಗ ಅಜ್ಜಗ ಕೇಳಸಲಿ ಅಂತ ಎಲ್ಲಾರೂ ಒದರೂದ, ನಮ್ಮಪ್ಪ ಅಂತೂ ಪ್ಯಾಟ್ಯಾಗ ಮಾಲಿನ ಸವಾಲು ಕೂಗಿದಂಗ ಮನ್ಯಾಗೂ ಕೂಗ್ತಾನ. ಒದರೂದು ಕೇಳಿ ಕೇಳಿ ನನಗ ಜೀವ ಸಾಕಾಗಿತ್ತು. ಇವರೂ ಹಂಗ ಒದರಿದಾಗ ಒಲ್ಲೆ ಅನ್ನೂಣಂತನ ಹಿತ್ತಲಕ್ಕ ಕರದಿದ್ದೆ."

"ಮತ್ತ?"

"ಅಲ್ಲಿ ಏನೋ ಅಂದ್ರು, ಕೇಳಸಲಿಲ್ಲ. ಕೇಳಾಕ ನಾನ ಹತ್ತಿರ ಸರದ ಕುಂಡ್ರಬೇಕಾತ್ರಿ."

ಈರಣ್ಣ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದರೆ, ಅವಳಿಗೆ ಕೇಳಿಸಿತ್ತು.