ಮೇಷ್ಟರು ಬಾಯಿ ಬಿಡಲಿಲ್ಲ

ನಮ್ಮ ಇಂಗ್ಲಿಷ್ ಮೇಷ್ಟರ ಹಣೆಯ ಎಡಬದಿಯಲ್ಲಿ ಒಂದು ನರವಿತ್ತು. ಸಿಟ್ಟು ಬಂದರೆ ಅದು ಕಿರುಬೆರಳಿನಷ್ಟು ದಪ್ಪ ಉಬ್ಬಿ ಪಟಪಟ ಹೊಡೆದುಕೊಳ್ಳುತ್ತಿತ್ತು. ನರ ಎದ್ದಿತೆಂದರೆ ಹುಣಸೆ ಬರಲು ಎದ್ದಿತೆಂದೇ ಲೆಕ್ಕ. ಎಪ್ಪತ್ತರ ದಶಕದ ಗುಬ್ಬಿಯಲ್ಲಿ ಹೊಡೆಯದ ಮೇಷ್ಟರೇ ಇರಲಿಲ್ಲ. ಆದರೆ ಇವರು ಹೊಡೆದರೆ ಅಂಗೈಯ ಬಾಸುಂಡೆ ರಾತ್ರಿ ಮುದ್ದೆ ಮುರಿಯಲೂ ಬಿಡುತ್ತಿರಲಿಲ್ಲ. ದೇವರಂಥ ಗುರುಗಳು ಎಂದೆಲ್ಲ ನಾನು ಬರೆಯುವುದಿಲ್ಲ. ಅವರ ಕೈ ಮಹಾ ಕೆಟ್ಟದ್ದು.

ಅವರ ತರಗತಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ಕಟ್ಟಳೆಯಿತ್ತು. ತಪ್ಪು ಮಾಡಿದವರಿಗಿಂತ ಚಾಡಿ ಹೇಳಿದವರಿಗೆ ಹೆಚ್ಚು ಏಟು. ಒಂಬತ್ತನೇ ಕ್ಲಾಸಿನಲ್ಲಿ ಪಕ್ಕದ ಹುಡುಗಿ, ಗೋಡೆಯ ಮೇಲೆ ಮೇಷ್ಟರ ಚಿತ್ರ ಬರೆದವಳು ತಾನೇ ಎಂದು ನನ್ನನ್ನು ನಂಬಿ ಹೇಳಿದ್ದಳು. ನಾನು ಎದ್ದು ನಿಂತು ಅದನ್ನು ಒಪ್ಪಿಸಿಬಿಟ್ಟೆ. ಶಭಾಷ್ ಸಿಗುತ್ತದೆ ಅಂದುಕೊಂಡಿದ್ದೆ. ಅವಳಿಗೆ ಒಂದೇಟು ಬಿತ್ತು, ನನಗೆ ಬರಲು ಮುರಿಯುವ ತನಕ. ಆಮೇಲೆ ಏದುಸಿರು ಬಿಡುತ್ತಲೇ ಅವರು ಬೋರ್ಡಿನ ಮೇಲೆ ‘ಡೈವಲ್ಜ್’ ಎಂದು ಇಂಗ್ಲಿಷಿನಲ್ಲಿ ಬರೆದರು.

“ಬರೀ ಹೇಳೋದಲ್ಲ ಇದು. ಒಬ್ರು ನಿನ್ನ ನಂಬಿ ಹೇಳಿರ್ತಾರೆ, ನಿನ್ ಹೊಟ್ಟೇಲಿರುತ್ತೆ. ಅದನ್ನ ಹೊರಕ್ಕೆ ಕಕ್ತೀಯಲ್ಲ, ಅದು ಡೈವಲ್ಜ್. ಗೊತ್ತಿರೋರು ಮಾತ್ರ ಮಾಡಕ್ಕಾಗೋ ಪಾಪ ಕಣೇ ಇದು.”

ಮಾರನೆಯ ದಿನ ಎಲ್ಲರೂ ಆ ಪದ ಬಳಸಿ ವಾಕ್ಯ ಬರೆದು ತರಬೇಕಿತ್ತು. ಒಂದು ವರ್ಷ ಡುಮ್ಕಿ ಹೊಡೆದು ನನ್ನ ಕ್ಲಾಸಿನಲ್ಲೇ ಕೂತಿದ್ದ ನನ್ನ ಅಣ್ಣ, ಗೈಡಿನಲ್ಲಿ ‘ತೋರಿಸು’ ಎಂಬ ಅರ್ಥ ನೋಡಿಕೊಂಡು, ‘ನಾನು ನಮ್ಮ ಹಸುವನ್ನು ಡಾಕ್ಟರಿಗೆ ಡೈವಲ್ಜ್ ಮಾಡಿದೆ’ ಎಂದು ಬರೆದಿದ್ದ.

“ನಿನ್ ಹಸು ಗುಟ್ಟೇನ್ಲಾ? ಇಡೀ ಗುಬ್ಬಿ ಬೆಳೆ ಮೇಯ್ಕೊಂಡ್ ಬರುತ್ತೆ!” ಎಂದು ಮೇಷ್ಟರು ನಕ್ಕರು. ನಗುತ್ತಲೇ ಹೊಡೆದರು. ಅಣ್ಣ ಅಳಲಿಲ್ಲ, ಹಲ್ಲು ಕಚ್ಚಿಕೊಂಡು ನಿಂತಿದ್ದ.

ಎಂಬತ್ತರ ಹೊತ್ತಿಗೆ ನಾನು ತುಮಕೂರಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಶಿರಾ ಗೇಟಿನ ಲೇತ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬನನ್ನು ಮೆಚ್ಚಿದೆ. ಅವನು ನಮ್ಮ ಜಾತಿಯವನಲ್ಲ. ಮನೆಯಲ್ಲಿ ತಿಳಿದ ದಿನ ಅಣ್ಣ ನನ್ನ ಜಡೆ ಹಿಡಿದೆಳೆದು ಕಂಬಕ್ಕೆ ಹಣೆ ಚಚ್ಚಿದ. ಕುತ್ತಿಗೆಗೆ ಕುಡುಗೋಲು ಇಟ್ಟು, “ಅವನ್ ಹೆಸ್ರು ಇನ್ನೊಂದ್ ಸಲ ಎತ್ತಿದ್ರೆ ತೆಂಗಿನ್ ಬುಡಕ್ಕೆ ಹೂತಾಕ್ಬುಡ್ತೀನಿ” ಎಂದ. ಅಪ್ಪ ಅಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದರು, ತಲೆ ಎತ್ತಲಿಲ್ಲ. ಅಣ್ಣ ಹೇಳಿದ್ದನ್ನು ಮಾಡುವವನೇ ಎಂದು ನನಗೆ ಗೊತ್ತಿತ್ತು.

ಹಿತ್ತಲ ಗೋಡೆ ಹಾರಿ ಮೇಷ್ಟರ ಮನೆಗೆ ಓಡಿದೆ. ಗುಟ್ಟು ಕಕ್ಕದ ಮನುಷ್ಯ ಎಂದು ನನಗೆ ಗೊತ್ತಿದ್ದವರು ಅವರೊಬ್ಬರೇ. ಊರಾಚೆ, ತೋಟದ ಒಂಟಿ ಮನೆ. ನನ್ನ ಹಣೆಯ ಗಾಯ ನೋಡಿದ್ದೇ ಆ ನರ ಎದ್ದಿತು. ಹೊಡೆಯುತ್ತಾರೆಂದು ಹಿಂದೆ ಸರಿದೆ. “ಮೊದ್ಲು ಕಾಫಿ ಕುಡಿ” ಎಂದರು. ಸಂಜೆ ತುಮಕೂರಿಗೆ ಕರೆದೊಯ್ದು, ಹುಡುಗನನ್ನೂ ಕರೆಸಿ, ಇಬ್ಬರನ್ನೂ ಕುಣಿಗಲ್ ಬಸ್ಸಿಗೆ ಹತ್ತಿಸಿದರು.

“ಮಾರ್ಕೋನಹಳ್ಳೀಲಿ ನನ್ ತಂಗಿ ಇದಾಳೆ. ಬೆಳಗ್ಗೆ ಯಡಿಯೂರಲ್ಲಿ ತಾಳಿ ಕಟ್ಟಿಸ್ತಾಳೆ. ಕಟ್ಟಿದ ತಕ್ಷಣ ಹಾಸನದ ಬಸ್ ಹತ್ಕೊಂಡ್ ಹೊರಟ್ಹೋಗಿ, ಹಿಂದಕ್ಕೆ ನೋಡ್ಬೇಡಿ.”

ಮಾರನೆಯ ಬೆಳಗ್ಗೆ ಅವರ ಮನೆಯಲ್ಲಿ ಏನಾಯಿತೆಂದು ನನಗೆ ಹೇಳಿದವರು ಮೇಷ್ಟರ ಹೆಂಡತಿ, ಅದೂ ವರ್ಷಗಳು ಕಳೆದ ಮೇಲೆ. ನಾನು ಅವರ ತೋಟದ ಕಡೆ ಓಡಿದ್ದನ್ನು ಯಾರೋ ನೋಡಿದ್ದರಂತೆ. ಅಣ್ಣ, ಚಿಕ್ಕಪ್ಪ ಬಾಗಿಲು ಒದ್ದು ಒಳಗೆ ಬಂದರು.

“ನನ್ ತಂಗಿ ಎಲ್ಲವ್ಳೆ, ಗೊತ್ತಾ ಮೇಷ್ಟ್ರೇ?”

“ಗೊತ್ತು.”

“ಎಲ್ಲಿ?”

“ಹೇಳಲ್ಲ.”

ಗುದ್ದಲಿ ಕಾವಿನ ಮೊದಲ ಏಟಿಗೇ ಬಾಯಿ ಒಡೆದು ಹಲ್ಲು ನೆಲಕ್ಕೆ ಬಿತ್ತು. “ಗೊತ್ತಿಲ್ಲ ಅಂದ್ಬುಡ್ರೀ, ನಿಮ್ಮ ದಮ್ಮಯ್ಯ” ಎಂದು ಹೆಂಡತಿ ಗೋಗರೆದರೆ, ರಕ್ತ ಉಗುಳಿ ಮತ್ತೆ ಅದೇ ಮಾತು: “ಗೊತ್ತು. ಹೇಳಲ್ಲ.” ಪಕ್ಕೆಗೆ ಒದ್ದರು. ಚಿಕ್ಕಪ್ಪ ಅವರ ಬಲಗೈಯನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿದ, ಅಣ್ಣ ಕಾವಿನಿಂದ ಕುಟ್ಟಿದ. ಬೆರಳುಗಳು ಮುರಿಯುವ ಸದ್ದು ಅಡುಗೆಮನೆಯ ತನಕ ಕೇಳಿಸಿತಂತೆ. “ಆ ಪದ ನಿಂಗೂ ಕಲ್ಸಿದ್ದೆ ಕಣೋ, ಮರ್ತ್ಯಾ?” ಎಂದು ಮೇಷ್ಟರು ಅಣ್ಣನನ್ನು ಕೇಳಿದರಂತೆ. ಅದಕ್ಕೂ ಒಂದು ಏಟು ಬಿತ್ತು. ಅವರಿಗೆ ಪ್ರಜ್ಞೆ ತಪ್ಪಿದ ಮೇಲೆಯೇ ಇಬ್ಬರೂ ಬಿಟ್ಟು ಹೋದದ್ದು.

ಹೊಡೆದವರು ಯಾರು ಎಂದು ಆಸ್ಪತ್ರೆಗೆ ಬಂದ ಪೊಲೀಸರು ಕೇಳಿದರೆ, ಅವರಿಗೂ ಅದೇ ಉತ್ತರ. ತಮ್ಮ ಶಿಷ್ಯನನ್ನು ತಾವೇ ಹಿಡಿದುಕೊಡುವುದಿಲ್ಲವಂತೆ! ಹೆಂಡತಿಯ ಬಾಯಿಗೂ ಬೀಗ ಹಾಕಿಸಿದರು. ಇದೊಂದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಮಗು ಎತ್ತಿಕೊಂಡು ಹಾಸನದಿಂದ ಅವರನ್ನು ನೋಡಲು ಹೋದಾಗ ಬೆರಳುಗಳು ಒಣಗಿದ ಹುಣಸೆಕಾಯಿಯ ಹಾಗೆ ಸೊಟ್ಟಗಾಗಿದ್ದವು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

“ಏನ್ ಹಠ ಮೇಷ್ಟ್ರೇ ನಿಮ್ದು? ಗೊತ್ತಿಲ್ಲ ಅಂದಿದ್ರೆ ಏನಾಗ್ತಿತ್ತು?”

“ಗೊತ್ತಿಲ್ಲ ಅಂದಿದ್ರೆ ಹುಡ್ಕಕ್ಕೆ ಹೊರಡ್ತಿದ್ರು ಕಣಮ್ಮ. ಓಡಿಹೋದೋರು ಮೊದ್ಲು ಹೋಗೋದೇ ಯಡಿಯೂರಿಗೆ, ಅಷ್ಟೂ ತಿಳಿಯಲ್ವಾ ಅವ್ರಿಗೆ? ಗೊತ್ತು ಅಂದೆ, ನನ್ ಹತ್ರಾನೇ ನಿಂತ್ರು. ಅಷ್ಟೊತ್ತಿಗೆ ನೀವು ಬಸ್ ಹತ್ತಿರ್ತೀರ ಅಂತ.”

ನಾನು ತಾಳಿ ಕಟ್ಟಿಸಿಕೊಳ್ಳುತ್ತಿದ್ದ ಹೊತ್ತು ಅದು. ಪ್ರಸಾದ ತಿನ್ನುತ್ತ ನಗುತ್ತಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ಮೇಷ್ಟರು ತೀರಿಕೊಂಡರು. ಏಟು ತಿಂದ ಶಿಷ್ಯರೆಲ್ಲ ಸೇರಿದ್ದರು. ಚಟ್ಟ ಎತ್ತುವ ಹೊತ್ತಿಗೆ ಬಿಳಿ ಪಂಚೆಯುಟ್ಟ ಅಣ್ಣ ಮುಂದೆ ಬಂದ. ಜನ ದಾರಿ ಬಿಟ್ಟರು. “ಎಂಥಾ ಗುರುಭಕ್ತಿ ನೋಡು” ಎಂದು ಯಾರೋ ಅಂದರು. ಅವನು ಹೆಗಲು ಕೊಡಲು ಬಗ್ಗಿದ. ನಾನು ಅಡ್ಡ ಹೋಗಿ ಎದೆಗೆ ಎರಡೂ ಕೈಯಿಟ್ಟು ಅವನನ್ನು ನೂಕಿದೆ.

“ಇವ್ರ ಕೈ ಮುರ್ದೋನು ಇವ್ನೇ! ನಮ್ಮಣ್ಣ! ಇವ್ನು ಮುಟ್ಟಕೂಡ್ದು!”

ಸಾಯುವ ತನಕ ಮೇಷ್ಟರು ಕಾಪಾಡಿದ್ದನ್ನು ಅವರ ಹೆಣದ ಮುಂದೆಯೇ ಡೈವಲ್ಜ್ ಮಾಡಿದೆ. ಅವರು ಕಲಿಸಿದ್ದಕ್ಕೆ ದ್ರೋಹವೇ ಇರಬಹುದು, ಇರಲಿ. ಜೀವ ಉಳಿಸಿದವರಿಗೆ ಬೇರೇನನ್ನೂ ಕೊಡಲು ನನ್ನಿಂದ ಆಗಿರಲಿಲ್ಲ. ಅಣ್ಣ ತಲೆ ತಗ್ಗಿಸಿ ಜನರ ನಡುವಿನಿಂದ ಆಚೆ ಹೋದ. ಅಷ್ಟು ಹೊತ್ತೂ ಕಲ್ಲಿನಂತೆ ಕೂತಿದ್ದ ಮೇಷ್ಟರ ಹೆಂಡತಿ ಆಗ ಎದೆ ಬಡಿದುಕೊಂಡು ಗಟ್ಟಿಯಾಗಿ ಅಳತೊಡಗಿದರು.