ಚಪ್ಪಲಿ ಬಿಟ್ಟು ನಡೆದದ್ದು

ನನ್ನದು ಮೊದಲಿಂದಲೂ ಸಿಡುಕು ಸ್ವಭಾವ. ಸಿಂದಗಿಯ ಹೈಸ್ಕೂಲಿಗೆ ಹೆಡ್‌ಮಾಸ್ತರನಾದ ಮೇಲೆ ಸಿಡುಕಿನ ಜೊತೆಗೆ ಎದೆ ಹೊಡೆದುಕೊಳ್ಳುವುದೂ ಸೇರಿಕೊಂಡಿತು. ಫೋನು ರಿಂಗಾದರೆ ಸಾಕು, ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ಸತ್ತೇ ಹೋಗುತ್ತೇನೆಂದು ಹೆದರಿದ್ದೆ. ವಿಜಯಪುರದ ಡಾಕ್ಟರು ಎಲ್ಲ ತಪಾಸಣೆ ಮಾಡಿ, "ಹೃದಯ ಗಟ್ಟಿ ಐತ್ರಿ. ಚಿಂತಿ ಮೈಯಾಗ ಕುಂತೈತಿ. ದಿನಾ ಮುಂಜಾನೆ ಒಂದ್ ತಾಸು ಒಬ್ರೇ ನಡೀರಿ, ಹೆಜ್ಜಿ ಮ್ಯಾಲ ಲಕ್ಷ್ಯ ಇಡ್ರಿ," ಎಂದರು.

ಹೇಳುವುದೇನೋ ಸುಲಭ. ನಮ್ಮ ಕಡೆ ಪರಿಚಯದವನೊಬ್ಬ ನಡೆದು ಹೊರಟಿದ್ದರೆ, ಅವನನ್ನು ಗಾಡಿಗೆ ಹತ್ತಿಸಿಕೊಳ್ಳದೆ ಮುಂದೆ ಹೋಗುವುದು ದೊಡ್ಡ ತಪ್ಪು. ಮೊದಲ ದಿನವೇ ನಮ್ಮ ಓಣಿಯ ಬೀಜದಂಗಡಿಯವನು ಬೈಕು ನಿಲ್ಲಿಸಿದ.

"ಹತ್ರಿ ಸರ."

"ಬ್ಯಾಡಪಾ, ವಾಕಿಂಗ್ ಹೊಂಟೇನಿ."

"ಎಲ್ಲಿತನಾ ವಾಕಿಂಗ್ರಿ? ಅಲ್ಲೀತನಾ ಬಿಡ್ತೇನಿ, ಹತ್ರಿ."

ಒಲ್ಲೆ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಹತ್ತಿದೆ. ವಾರವಿಡೀ ಇದೇ ಹಾಡಾಯಿತು. ನಡೆದದ್ದಕ್ಕಿಂತ ಸವಾರಿಯೇ ಹೆಚ್ಚು. ಮನೆಗೆ ಬಂದು ಕೂಗಾಡಿದೆ. ಹೆಂಡತಿ ಎಲ್ಲ ಕೇಳಿಸಿಕೊಂಡು, "ಚಪ್ಪಲ್ ಬಿಟ್ಟು ಹೋಗ್ರಿ. ಹರಕಿ ಅಂತ ತಿಳಕೋತಾರ, ಯಾರೂ ಗಾಡಿ ನಿಲ್ಸೂದಿಲ್ಲ," ಎಂದಳು.

ಮರುದಿನ ಬರಿಗಾಲಲ್ಲಿ ಹೊರಟೆ. ಬೀಜದಂಗಡಿಯವನು ಬೈಕಿನ ವೇಗ ತಗ್ಗಿಸಿ, ನನ್ನ ಕಾಲು ನೋಡಿ, ಕೈಮುಗಿದು ಹೋದ. ಹೊಲದ ದಾರಿಗಿಳಿದೆ. ಎರೆಮಣ್ಣು ತಣ್ಣಗಿತ್ತು. ತೊಗರಿ ಕೊಯ್ದ ಕೂಳೆ ಚುಚ್ಚೀತೆಂದು ನೋಡಿ ನೋಡಿ ಕಾಲಿಡಬೇಕು, ಮನಸ್ಸಿಗೆ ಶಾಲೆಯ ಕಡೆ ಹೋಗಲು ಪುರುಸೊತ್ತೇ ಇಲ್ಲ. ಭುಜಗಳನ್ನು ಕಿವಿಯ ತನಕ ಎತ್ತಿಕೊಂಡೇ ತಿರುಗುತ್ತೇನೆಂದು ನನಗೆ ತಿಳಿದದ್ದು ಅವತ್ತೇ. ಇಳಿಬಿಟ್ಟೆ, ಉಸಿರು ಹೊಟ್ಟೆಯ ತನಕ ಹೋಯಿತು. ತಿಂಗಳೊಳಗೆ ಎದೆಯ ಹೊಡೆತ ನಿಂತಿತು.

ಆಮೇಲೂ ನಡೆಯುತ್ತಲೇ ಇದ್ದೆ. ಒಂದು ಮುಂಜಾನೆ ಅಂಗಾಲಿಗೆ ಮುಳ್ಳು ಹೊಕ್ಕಿತು. ಕುಂಟುತ್ತ ಬಂದು ಕಟ್ಟೆಯ ಮೇಲೆ ಕುಳಿತೆ. ಹೆಂಡತಿ ಪಿನ್ನು ತಂದು, ಎದುರಿಗೆ ಕುಕ್ಕರಗಾಲಲ್ಲಿ ಕೂತು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದಳು. ಆಗ ಅವಳ ಹಿಮ್ಮಡಿ ಕಣ್ಣಿಗೆ ಬಿತ್ತು. ಒಡೆದು, ಬಿರುಕಿನಲ್ಲೆಲ್ಲ ಕರಿಧೂಳು ಕೂತಿತ್ತು.

"ನೀ ಯಾವಾಗಿಂದ ಚಪ್ಪಲ್ ಬಿಟ್ಟಿ?"

"ನೀವು ಡಾಕ್ಟರ್ ಕಡೆ ಹೋದ ದಿನದಿಂದ. ನಿಮ್ಮ ಎದಿ ನೆಟ್ಟಗಾಗೂತನಾ ಹಾಕೂದಿಲ್ಲಂತ ಹರಕಿ ಹೊತ್ತೇನಿ."

"ಹುಚ್ಚಿ, ನೆಟ್ಟಗಾಗಿ ಎಷ್ಟು ದಿನಾತು."

"ನನಗ ಹೇಳಬೇಕಲ್ರಿ ಮತ್ತ," ಎಂದಳು ತಲೆ ಎತ್ತದೆ.

ಶಾಲೆಯಲ್ಲಿ ಪ್ಯೂನನಿಂದ ಹಿಡಿದು ಎಲ್ಲರಿಗೂ ಹೇಳಿದ್ದೆ. ಇವಳೊಬ್ಬಳಿಗೆ ಹೇಳಿರಲಿಲ್ಲ.