ಅಡಿಟಿಪ್ಪಣಿ ನಾಲ್ಕು

ನಾನು ಹತ್ತನೇ ತರಗತಿ ಪಾಸು ಮಾಡಿದ್ದು ನಲವತ್ತು ದಾಟಿದ ಮೇಲೆ. ಆಮೇಲೆ ಬಿಡಲಿಲ್ಲ. ಈಗ ಎಂ.ಎ.ಗೆ ಕಟ್ಟಿ, ತಿಪಟೂರಿನ ನಮ್ಮ ಮನೆಯಲ್ಲಿ ಕಂಪ್ಯೂಟರಿನಲ್ಲಿ ಎರಡು ಬೆರಳಿನಿಂದ ಕಿರುಪ್ರಬಂಧ ಟೈಪ್ ಮಾಡುತ್ತಿದ್ದೇನೆ. ವಿಷಯ, ನಮ್ಮ ಕಡೆ ತೆಂಗಿನಕಾಯಿ ಕೊಬ್ಬರಿಯಾಗುವ ಬಗೆ.

ಅದರಲ್ಲಿ ಹೆಚ್ಚಿನದನ್ನು ಹೇಳಿದವರು ಅರಳಗುಪ್ಪೆಯ ಒಬ್ಬ ಅಜ್ಜಿ. ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಒಡೆಯುವುದರಲ್ಲೇ ಜೀವ ಸವೆಸಿದವರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಾರೆ. ಅವರು ನನ್ನಿಂದ ಕೇಳಿದ್ದು ಒಂದೇ.

"ನಾನೇಳಿದ್ದು ಅಂತ ಬರಿಬೇಕು ಕಣಪ್ಪ. ಎಲ್ಲಾ ನನ್ನ ಕೇಳ್ಕಂಡೋಗಿ ತಮ್ದೇ ಬುದ್ಧಿ ಅಂತ ಹೇಳ್ಕಂಡು ತಿರುಗ್ತಾರೆ."

ಅವರ ಮಾತು ಮೊದಲು ಬಂದ ಕಡೆ ಅಡಿಟಿಪ್ಪಣಿ ಹಾಕಿ ಹೆಸರು, ಊರು ಬರೆದೆ. ಅದಕ್ಕೆ ಮೂರನೇ ನಂಬರು ಬಂತು. ಮುಂದೆ ಹತ್ತು ಕಡೆ ಮತ್ತೆ ಅವರೇ. ಪ್ರತಿ ಸಲ ಹೊಸ ಟಿಪ್ಪಣಿ ಹಾಕಿದರೆ ಪುಟವೆಲ್ಲ ಅದೇ ಹೆಸರಾಗುತ್ತದೆಂದು, ಆ ಹತ್ತು ಕಡೆಯೂ ನಾನೇ 3 ಎಂದು ಒತ್ತಿ, ಚಿಕ್ಕದು ಮಾಡಿ ಮೇಲಕ್ಕೆ ಏರಿಸಿದೆ. ಆಮೇಲೆ ಮಾರ್ಗದರ್ಶಕರು ಶುರುವಿನಲ್ಲೇ ಇನ್ನೊಂದು ಪುಸ್ತಕದ ಟಿಪ್ಪಣಿ ಸೇರಿಸಲು ಹೇಳಿದರು. ಸೇರಿಸಿದೆ.

ಪ್ರಿಂಟ್ ತೆಗೆಸಿ ಅಜ್ಜಿಯ ಜಗಲಿಯಲ್ಲಿ ಕೂತು ಓದಿದೆ. ಕಾಯಿ ಅಲ್ಲಾಡಿಸುವ ಭಾಗ ಬಂತು. ನಂಬರು ಮೂರು. ಮೂರನೇ ಟಿಪ್ಪಣಿ ಹುಡುಕಿ ಓದಿದರೆ ಯಾರೋ ಅಧಿಕಾರಿಯ ಪುಸ್ತಕ!

"ಯಾರ್ಲಾ ಅವ್ನು? ನನ್ನ ಅಟ್ಟ ಹತ್ತಿದ್ನಾ?"

ಹತ್ತು ಕಡೆಯೂ ಅವನೇ. ಹೊಸ ಟಿಪ್ಪಣಿ ಸೇರಿದಾಗ ಅಜ್ಜಿಯದು ತಾನಾಗಿ ನಾಲ್ಕಾಗಿತ್ತು. ನಾನು ಕೈಯಲ್ಲಿ ಒತ್ತಿದ ಮೂರುಗಳು ಮೂರಾಗಿಯೇ ಉಳಿದಿದ್ದವು.

ಮಾರ್ಗದರ್ಶಕರಿಗೆ ಫೋನ್ ಮಾಡಿ ನಂಬರು ತಪ್ಪಿದ್ದನ್ನು ಹೇಳಿದೆ.

"ಎಲ್ಲಾ ತೆಗೆದಾಕ್ರೀ. ಕೊನೇಲಿ ಕೃತಜ್ಞತೆ ಅಂತ ಒಂದು ಸಾಲು ಹಾಕಿ ಸಾಕು. ಓದು ಬರದ ಮುದುಕಿನ ಹನ್ನೊಂದು ಸಲ ತೋರ್ಸಿದ್ರೆ ಪರೀಕ್ಷಕರು ನಗ್ತಾರೆ."

"ಪುಸ್ತಕನ ಹನ್ನೊಂದು ಸಲ ತೋರ್ಸಿದ್ರೆ ನಗಲ್ವಲ್ಲ ಸಾರ್?"

"ಮಾರ್ಕ್ಸ್ ಹೋಗುತ್ತೆ, ನೋಡ್ಕಳಿ."

"ಹೋಗ್ಲಿ ಸಾರ್. ನಾನು ತೆಗಿಯಲ್ಲ."

ಮೂರನ್ನು ಅಳಿಸಿ ನಾಲ್ಕು ಒತ್ತಬಹುದಿತ್ತು. ನಾಳೆ ಇನ್ನೊಂದು ಪುಸ್ತಕ ಸೇರಿದರೆ ಮತ್ತೆ ಅದೇ ಪಾಡು. ಒಂದು ಮಧ್ಯಾಹ್ನವಿಡೀ ವರ್ಡ್‌ನ ಮೆನುಗಳನ್ನು ತೆರೆದು ಮುಚ್ಚಿ, ರೆಫರೆನ್ಸಸ್ ಒಳಗೆ ಕ್ರಾಸ್-ರೆಫರೆನ್ಸ್ ಎಂಬುದನ್ನು ಹಿಡಿದೆ. ಅಲ್ಲಿ ಫುಟ್‌ನೋಟ್ ಆರಿಸಿದರೆ ಪಟ್ಟಿ ಬರುತ್ತದೆ. ಅಜ್ಜಿಯ ಹೆಸರು ಒತ್ತಿದರೆ ಅವರ ನಂಬರೇ ಬಂದು ಕೂರುತ್ತದೆ. ಟಿಪ್ಪಣಿ ಒಂದೇ, ಎಷ್ಟು ಕಡೆಯಿಂದ ಬೇಕಾದರೂ ಅದನ್ನೇ ತೋರಿಸಬಹುದು. ಹತ್ತು ಕಡೆಯೂ ಹಾಗೆ ಮಾಡಿದೆ.

ನಂಬಿಕೆ ಬರಲಿಲ್ಲ. ಮೇಲೆ ಒಂದು ಸುಳ್ಳು ಟಿಪ್ಪಣಿ ತುರುಕಿ ನೋಡಿದೆ. ಅಜ್ಜಿ ಐದಕ್ಕೆ ಹೋದರು, ಹತ್ತು ಕಡೆ ನಾಲ್ಕೇ ಇತ್ತು. ಎಲ್ಲವನ್ನೂ ಸೆಲೆಕ್ಟ್ ಮಾಡಿ, ಇಂಥ ನಂಬರುಗಳನ್ನು ಹೊಸದು ಮಾಡುವ ಎಫ್ ಒಂಬತ್ತು ಕೀಲಿ ಒತ್ತಿದೆ. ಹತ್ತೂ ಐದಾದವು. ಸುಳ್ಳನ್ನು ತೆಗೆದು ಮತ್ತೆ ಒತ್ತಿದೆ. ಹತ್ತೂ ನಾಲ್ಕಾದವು.

ಹೊಸ ಪ್ರಿಂಟ್ ಹಿಡಿದು ಅರಳಗುಪ್ಪೆಗೆ ಹೋದೆ. ನಾಲ್ಕು ಬಂದ ಕಡೆಯೆಲ್ಲ ಟಿಪ್ಪಣಿಯನ್ನೂ ಓದುತ್ತಾ ಹೋದಂತೆ ಅಜ್ಜಿ ತಮ್ಮ ಹೆಸರಿಗೊಂದು ಬೆರಳು ಮಡಚಿದರು. ಹನ್ನೊಂದಕ್ಕೆ ಬೆರಳು ಸಾಲಲಿಲ್ಲ.

"ನಿಮ್ ಮೇಷ್ಟ್ರು ತೆಗಿ ಅಂದ್ರೆ?"

"ಅಂದಾಯ್ತು. ತೆಗಿಯಲ್ಲ ಅಂತ ನಾನೂ ಅಂದಾಯ್ತು ಕಣಜ್ಜಿ."

"ಹಂಗಾರೆ ಕೂತ್ಕೊ. ಕೊಳೆತ ಕಾಯಿ ಗುರುತು ನಿಂಗೆ ಹೇಳೇ ಇಲ್ಲ, ಬರ್ಕೊ."

ಪೆನ್ನು ತೆಗೆದೆ.